ಇಂಗ್ಲಿಷಲ್ಲಿ ಕ್ವಿಯರ್ ಶಿಫ್ಟರ್ ರೊಮ್ಯಾನ್ಸ್ ಬರ್ದಿದೀನಿ, ಕಿಂಡಲ್ ಅನ್‌ಲಿಮಿಟೆಡ್‌ಗೆ ಹಾಕ್ಲಾ, ಎಲ್ಲಾ ಕಡೆ ಮಾರ್ಲಾ?
ಮೊದಲ್ನೇ ಪುಸ್ತಕ ಆದ್ರೆ ಕಿಂಡಲ್ ಅನ್‌ಲಿಮಿಟೆಡ್‌ಗೇ ಹಾಕಿ, ಅದು ತಿಂಗಳಿಗಿಷ್ಟು ಅಂತ ಕಟ್ಟಿ ಇ-ಬುಕ್ ಓದೋ ಅಮೆಜಾನ್ ಸಬ್‌ಸ್ಕ್ರಿಪ್ಷನ್. ಇಬ್ರು ಗಂಡಸ್ರ ಪ್ರೀತಿ, ಅದ್ರಲ್ಲೊಬ್ಬ ತೋಳ ಆಗೋನು, ಇಂಥ ಕಥೆ ಓದೋರು ಕಡ್ಲೆಕಾಯಿ ಬಿಡಿಸ್ದಂಗೆ ಒಂದಾದ್ಮೇಲೊಂದು ಸೀರೀಸ್ ಮುಗಿಸ್ತಾರೆ, ಹೊಸಬರ ಪುಸ್ತಕ ದುಡ್ಡು ಕೊಟ್ಟು ತಗೊಳ್ಳೋಕೆ ಹಿಂದೆಮುಂದೆ ನೋಡಿದ್ರೂ ಸಬ್‌ಸ್ಕ್ರಿಪ್ಷನ್ನಲ್ಲಿ ಸಿಕ್ರೆ ಒಂದ್ ಕೈ ನೋಡೇ ಬಿಡ್ತಾರೆ. ನಿಮ್ಗೆ ದುಡ್ಡು ಬರೋದು ಅವ್ರು ಓದಿದ ಪುಟದ ಲೆಕ್ಕದಲ್ಲಿ, 2015ರಿಂದ ಹೀಗೇ.

ಕಂಡೀಷನ್ ಏನಂದ್ರೆ 90 ದಿನ ಇ-ಬುಕ್ ಬೇರೆಲ್ಲೂ ಇರಬಾರ್ದು, ನಿಮ್ ವೆಬ್‌ಸೈಟಲ್ಲಿ ಫ್ರೀ ಕೊಡೋದೂ ತಪ್ಪೇ, ಪೇಪರ್‌ಬ್ಯಾಕ್‌ಗೆ ಈ ಕಟ್ಟುಪಾಡಿಲ್ಲ. ಅವಧಿ ಮುಗಿಯೋವಾಗ ಆಟೋ ರಿನ್ಯೂ ಆಫ್ ಮಾಡಿ ಹೊರಗೆ ಬರಬೋದು. ಅಮೆರಿಕಾದಲ್ಲಿ 2.99ರಿಂದ 9.99 ಡಾಲರ್ ಒಳಗೆ ಬೆಲೆ ಇಟ್ರೆ, ದುಡ್ಡು ಕೊಟ್ಟು ಕೊಂಡ ಪ್ರತಿಗೆ 70% ರಾಯಲ್ಟಿ, ಇಲ್ಲಾಂದ್ರೆ 35%.

ಮನೇಲಿ ಗೊತ್ತಾಗುತ್ತೆ ಅನ್ನೋ ಭಯ ಇದ್ರೆ ಕಾವ್ಯನಾಮ ಇಟ್ಕೊಳ್ಳಿ, ನಿಜವಾದ ಹೆಸ್ರು ಬ್ಯಾಂಕು, ಟ್ಯಾಕ್ಸ್‌ಗೆ ಮಾತ್ರ. ಅಮೆಜಾನ್ ಕೇಳೋ ಟ್ಯಾಕ್ಸ್ ಫಾರ್ಮಲ್ಲಿ ಪ್ಯಾನ್ ನಂಬರ್ ಹಾಕೋದು ಮರೀಬೇಡಿ, ಭಾರತ-ಅಮೆರಿಕಾ ಒಪ್ಪಂದದಿಂದ ಅಲ್ಲಿನ ಟ್ಯಾಕ್ಸ್ ಕಡಿತ 30% ಬದ್ಲು 15% ಆಗುತ್ತೆ.

ದುಡ್ಡು ಸುರಿಯೋದಾದ್ರೆ ಕವರ್‌ಗೆ ಸುರೀರಿ. ಬರೀ ಚಂದ್ರ, ಕಾಡು ಸಾಲ್ದು, ಇದು ಗಂಡಸರಿಬ್ಬರ ಕಥೆ, ಇದ್ರಲ್ಲಿ ತೋಳ ಇದೆ ಅನ್ನೋದು ಹೆಬ್ಬೆಟ್ಟಿನಷ್ಟು ಚಿತ್ರದಲ್ಲೂ ಕಾಣ್ಬೇಕು, ಹಾಗಂತ ತೀರಾ ಬತ್ತಲೆ ಹಾಕಿದ್ರೆ ಅಮೆಜಾನ್ ಅಡಲ್ಟ್ ಅಂತ ಗುರ್ತು ಹಾಕಿ ಸರ್ಚಲ್ಲಿ ಮುಚ್ಚಿಡುತ್ತೆ. ಇನ್ನು ಕೊನೇಲಿ ಇಬ್ರೂ ಒಂದಾಗ್ಲೇಬೇಕು, ಒಬ್ಬನ್ನ ಸಾಯಿಸಿ ರೊಮ್ಯಾನ್ಸ್ ಅಂತ ಮಾರಿದ್ರೆ ರಿವ್ಯೂಲಿ ನಿಮ್ಮನ್ನೇ ಹರಿದು ಹಾಕ್ತಾರೆ.