ಹೊಟ್ಟೆಯ ಮಾತು ಕೇಳಿಸಿಕೊಳ್ಳಲು ಕಲಿಯಬಹುದೇ?

ಪ್ರಶ್ನೆ: ನನಗೆ 47 ವರ್ಷ. ಬದಿಯಡ್ಕದ ಸಮೀಪ ಅಡಿಕೆ ತೋಟವಿದೆ. ಬೆಳಗ್ಗೆ ತೋಟಕ್ಕಿಳಿದರೆ ಚಹಾ, ಎಲೆಯಡಿಕೆಯಲ್ಲೇ ಮಧ್ಯಾಹ್ನ ಎರಡಾಗುತ್ತದೆ. ಆಮೇಲೆ ಉಣ್ಣಲು ಕುಳಿತರೆ ಉಸಿರು ಕಟ್ಟುವಷ್ಟು ತುಂಬಿದ ಮೇಲೆಯೇ ಸಾಕೆನಿಸುತ್ತದೆ. ಸಂಜೆ ಹಸಿವಿಲ್ಲದಿದ್ದರೂ ಹಲಸಿನ ಹಪ್ಪಳಕ್ಕೆ ಕೈ ಹೋಗುತ್ತದೆ. ತೂಕ ಏರುತ್ತಿದೆ. ಹಸಿವು, ತೃಪ್ತಿಗಳನ್ನು ಗುರುತಿಸಲು ಈ ವಯಸ್ಸಿನಲ್ಲಿ ಕಲಿಯಬಹುದೇ?

ಉತ್ತರ: ಖಂಡಿತ ಕಲಿಯಬಹುದು. ನಿಮ್ಮ ಹೊಟ್ಟೆ ಸೂಚನೆ ಕೊಡುತ್ತಲೇ ಇದೆ. ಅದು ಮೆಲುದನಿಯಲ್ಲಿರುವಾಗ ನಿಮ್ಮ ಗಮನ ಬೇರೆಡೆ ಇರುತ್ತದೆ, ಅಷ್ಟೇ.

ಜಠರದ ಗೋಡೆ ಹಿಗ್ಗಿದಾಗ ಆ ಸುದ್ದಿಯನ್ನು ವೇಗಸ್ ನರ ಮಿದುಳಿಗೆ ಒಯ್ಯುತ್ತದೆ. ಆಹಾರ ಸಣ್ಣ ಕರುಳನ್ನು ತಲುಪಿದ ಮೇಲೆ ಅಲ್ಲಿಂದ ಹೊರಡುವ ಹಾರ್ಮೋನುಗಳು ‘ಸಾಕು’ ಎಂಬ ಭಾವವನ್ನು ಗಟ್ಟಿಗೊಳಿಸುತ್ತವೆ. ಇದಕ್ಕೆಲ್ಲ ಸುಮಾರು 20 ನಿಮಿಷ ಬೇಕಾಗುವುದರಿಂದ, ಹತ್ತೇ ನಿಮಿಷದಲ್ಲಿ ಎಲೆ ಬರಿದು ಮಾಡುವವರಿಗೆ ಸೂಚನೆ ಸಿಗುವಾಗ ಊಟ ಮುಗಿದಿರುತ್ತದೆ. ಇನ್ನು ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು, 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ್ದು, ರೂಢಿಯಾದ ಊಟದ ಹೊತ್ತಿಗೆ ಸರಿಯಾಗಿ ಏರುತ್ತದೆ. ಹಾಗಾಗಿ ಸಂಜೆಯ ನಿಮ್ಮ ಬಯಕೆಯಲ್ಲಿ ಅಭ್ಯಾಸದ ಪಾಲೂ ಇದೆ.

ಅಭ್ಯಾಸಕ್ಕೆ ಒಂದು ಸಣ್ಣ ಪುಸ್ತಕ ಸಾಕು. ತೀವ್ರ ಹಸಿವಿಗೆ 1, ಹಸಿವೂ ಇಲ್ಲದ ತುಂಬಿಯೂ ಇಲ್ಲದ ಸ್ಥಿತಿಗೆ 4, ಉಸಿರಾಡಲು ಕಷ್ಟವಾಗುವಷ್ಟು ತುಂಬಿದ್ದಕ್ಕೆ 7 ಎಂದು ಅಂಕಿ ಇಟ್ಟುಕೊಂಡು, ಉಣ್ಣುವ ಮೊದಲು, ನಡುವೆ ಮತ್ತು ಕೊನೆಗೆ ಹೊಟ್ಟೆಯನ್ನು ಗಮನಿಸಿ ಬರೆಯಿರಿ. 2 ಅಥವಾ 3ರಲ್ಲಿ ಆರಂಭಿಸಿ 5ರಲ್ಲಿ ನಿಲ್ಲಿಸುವುದು ಗುರಿ. ಕುಚ್ಚಲಕ್ಕಿ ಅನ್ನದ ಮೊದಲ ಸೌಟು ಮುಗಿದಾಗ ಕೈಯನ್ನು ಎಲೆಯ ಬದಿಗಿಟ್ಟು ಎರಡು ನಿಮಿಷ ಕುಳಿತರೆ, ಎರಡನೆಯ ಸೌಟು ಬೇಕೋ ಬೇಡವೋ ಎಂಬುದು ತಾನಾಗಿ ತಿಳಿಯುತ್ತದೆ. ಮೊದಲ ವಾರ ಅಂಕಿಗಳು ತಪ್ಪಾಗಿ ಕಂಡರೂ ಚಿಂತೆಯಿಲ್ಲ, ಬರೆಯುತ್ತಾ ಹೋಗಿ. ಜಂಬರದ ಊಟದಲ್ಲಿ, ಉಪಚಾರ ಮಾಡಿ ಹೋಳಿಗೆ ಬಡಿಸುವವರ ಎದುರು, ಇದು ನಿಜಕ್ಕೂ ಕಷ್ಟ. ಅಲ್ಲಿ ಸೋತ ದಿನವನ್ನೂ ಬರೆದಿಡಿ.

ಹಪ್ಪಳದ ಮುಂದೆ ಒಂದು ಪರೀಕ್ಷೆ ಮಾಡಿ ನೋಡಿ: ಈಗ ಒಂದು ಬಟ್ಟಲು ಗಂಜಿ ಕೊಟ್ಟರೆ ಕುಡಿಯುವಿರಾ? ಕುಡಿಯುವುದಾದರೆ ಅದು ಹಸಿವು. ಗಂಜಿ ಬೇಡ, ಹಪ್ಪಳವೇ ಬೇಕು ಎನ್ನುವುದಾದರೆ ಅದು ನಾಲಿಗೆಯ ಆಸೆ.

ಅಡಿಕೆ ಬೆಳೆಯುವವರಿಗೆ ಹೇಳಲು ಸಂಕಟವಾದರೂ ಹೇಳಲೇಬೇಕು: ಅಡಿಕೆ ಜಗಿಯುವುದು ಹಸಿವನ್ನು ಮಂಕಾಗಿಸುತ್ತದೆ, ಮೇಲಾಗಿ ಬಾಯಿಯ ಕ್ಯಾನ್ಸರಿಗೂ ಕಾರಣವಾಗುತ್ತದೆ. ಬೆಳಗಿನ ಎಲೆಯಡಿಕೆ ಬಿಟ್ಟು ಹತ್ತು ಗಂಟೆಗೆ ಏನಾದರೂ ತಿಂದರೆ, ಮಧ್ಯಾಹ್ನ ಅಂಕಿ 1ಕ್ಕೆ ಇಳಿದ ತೀವ್ರ ಹಸಿವಿನಲ್ಲಿ ಅನ್ನದ ಮುಂದೆ ಕೂರುವುದು ತಪ್ಪುತ್ತದೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಸಿವಿಗಾಗಿ ಕಾಯುತ್ತಾ ಊಟ ಮುಂದೂಡಬೇಡಿ. ಮೊದಲು ವೈದ್ಯರನ್ನು ಕೇಳಿ. ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಪದೇಪದೇ ವಾಂತಿ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೂ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಿ.