ಬಸ್ ಪಥ ಬೇಡ ಅಂತ ನಮ್ಮ ರಸ್ತೆಯ ಅಂಗಡಿಯವರು ಹಟ ಹಿಡಿದಿದ್ದಾರೆ. ಅಂಕಿ-ಅಂಶ ತೋರಿಸಿ ಅವರನ್ನು ಒಪ್ಪಿಸುವುದು ಹೇಗೆ?

ಒಪ್ಪಿಸೋಕೆ ಹೋಗಬೇಡಿ. ನಾನು ಹೋಗಿದ್ದೆ.

ಊರಿನ ಹೆಸರು ಬೇಡ, ನನ್ನ ಅಂಗಡಿ ಇನ್ನೂ ಅಲ್ಲೇ ಇದೆ. ಉತ್ತರ ಕರ್ನಾಟಕದ ಕಡೆಯದು ಅಂದರೆ ಸಾಕು. ನಂದು ಸ್ಟೇಷನರಿ ಅಂಗಡಿ. ಆಗ ವ್ಯಾಪಾರಸ್ಥರ ಸಂಘದ ಕಾರ್ಯದರ್ಶಿಯೂ ನಾನೇ. ರಸ್ತೆ ಅಗಲ ಮಾಡಿ ಸಿಟಿ ಬಸ್ಸಿಗೆ ಬೇರೆ ಪಥ, ಎರಡೂ ಬದಿ ಫುಟ್‌ಪಾತ್ ಮಾಡ್ತೀವಿ ಅಂತ ಯೋಜನೆ ಬಂತು. ಎಲ್ಲರ ಅಂಗಡಿ ಮುಂದಿನ ಕಟ್ಟೆ, ತಗಡಿನ ಮಾಡು ಹೋಗುವುದಿತ್ತು, ನನ್ನದೂ ಸೇರಿ. ನಾನು ಬಸ್ಸಿನ ಪರ, ಇವತ್ತಿಗೂ. ಒಂದು ಬಸ್ಸಿನ ಜನ ಕಾರಲ್ಲಿ ಹೋದರೆ ಎಷ್ಟು ಜಾಗ ಬೇಕು ಅನ್ನುವ ಚಿತ್ರ ಇರುತ್ತಲ್ಲ, ಅದನ್ನೇ ಪ್ರಿಂಟ್ ಹಾಕಿಸಿಕೊಂಡು ಅಂಗಡಿ ಅಂಗಡಿ ತಿರುಗಿದೆ. ನೀವೂ ಈಗ ಅದನ್ನೇ ಮಾಡ್ತಿದ್ದೀರಿ ಅಂತ ಪ್ರಶ್ನೆ ಓದಿದರೇ ಗೊತ್ತಾಗುತ್ತೆ.

ಹಿಟ್ಟಿನ ಗಿರಣಿಯ ಕಾಕಾ ಚಿತ್ರ ನೋಡಿ, ಹಿಟ್ಟಿನ ಕೈ ಒರೆಸಿಕೊಂಡು ಹೇಳಿದರು: "ತಮ್ಮಾ, ನಿನ್ನ ಬಸ್ಸು ಎಷ್ಟು ಜೋರ ಓಡ್ತೈತಿ ಅಂತ ನಾ ಎಲ್ಲಿ ಕೇಳೀನಿ? ರಸ್ತಾ ಎತ್ತರಾದ ಮ್ಯಾಲೆ ಮಳಿ ನೀರು ಎತ್ತಾಗ ಹೋಗ್ತೈತಿ, ಅದನ್ನ ಹೇಳು."

ಅವರ ಗಿರಣಿಗೆ ಒಂದು ಕಾಲಕ್ಕೆ ಎರಡು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಹಳೆಯದನ್ನು ಕೆರೆಯದೆ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋಗಿ, ಈಗ ಹೊಸ್ತಿಲೂ ರಸ್ತೆಯೂ ಒಂದೇ ಮಟ್ಟ. ಪೈಪಿಗೆ ಅಂತ ಅಗೆದು ವರ್ಷಗಟ್ಟಲೆ ಹಾಗೇ ಬಿಟ್ಟಿದ್ದ ನೆನಪೂ ಅವರಿಗಿತ್ತು. ನನ್ನ ಚಿತ್ರದಲ್ಲಿ ಗಟಾರವೇ ಇರಲಿಲ್ಲ.

ನಾನು ಕೆಟ್ಟದ್ದು ಆಮೇಲಿನ ಸಭೆಯಲ್ಲಿ. ಇಂಜಿನಿಯರ್ ಒಬ್ಬರು ಬಂದು ಮಳೆಗಾಲದ ಒಳಗೆ ಗಟಾರ ಜೋಡಿಸಿ ಕೊಡ್ತೀವಿ ಅಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಿದವರಲ್ಲ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆ ಮೌನ ತಡೆಯಲಾರದೆ ನಾನು ಎದ್ದು ನಿಂತು, "ಆಗ್ತೈತ್ರಿ. ಆಗ್ಲಿಲ್ಲಂದ್ರ ನನ್ನ ಕೇಳ್ರಿ" ಅಂದುಬಿಟ್ಟೆ. ಸಹಿಗಳು ಬಿದ್ದವು.

ಹಾಗೆ ಯಾಕಂದೆ ಅಂತ ನೂರು ಸಲ ಯೋಚಿಸಿದ್ದೇನೆ. ನಕ್ಷೆ ಬಣ್ಣದಲ್ಲಿತ್ತು, ಅದೊಂದು ಕಾರಣ. ಇಂಜಿನಿಯರ್ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದರು, ಅದು ಇನ್ನೂ ದೊಡ್ಡ ಕಾರಣ. ಆದರೆ ನಿಜವಾದ ಎಡವಟ್ಟು ಬೇರೆ. ರಸ್ತೆ ಮಾಡುವವರೇ ಗಟಾರವನ್ನೂ ಮಾಡ್ತಾರೆ ಅಂದುಕೊಂಡಿದ್ದೆ. ರಸ್ತೆಯ ಟೆಂಡರ್ ಒಂದು ಕಚೇರಿಯದು, ಗಟಾರದ್ದು ಇನ್ನೊಂದರದು, ಕರೆಂಟ್ ಕಂಬ ಸರಿಸುವುದು ಮೂರನೆಯದರದು. ಇಂಜಿನಿಯರ್ ಕೊಟ್ಟ ಮಾತು ಅವರ ಕೈಯಲ್ಲೇ ಇರಲಿಲ್ಲ. ಅವರ ಕೈಯಲ್ಲಿಲ್ಲದ ಮಾತಿಗೆ ನಾನು ಜಾಮೀನು ಬಿದ್ದಿದ್ದೆ. ಸಾಲಕ್ಕೆ ಜಾಮೀನು ಬೀಳುವ ಮುಂಚೆ ಸಾಲಗಾರನ ಆಸ್ತಿಪಾಸ್ತಿ ವಿಚಾರಿಸುವ ನಾನು, ಇಲ್ಲಿ ಆ ಗಟಾರಕ್ಕೆ ವರ್ಕ್ ಆರ್ಡರ್, ಅಂದರೆ ಗುತ್ತಿಗೆದಾರನಿಗೆ ಕೆಲಸದ ಆದೇಶ, ಆಗಿದೆಯಾ ಅಂತ ಒಂದು ಮಾತು ಕೇಳಲಿಲ್ಲ.

ಆಗಿರಲಿಲ್ಲ. ಇಂಜಿನಿಯರ್ ವರ್ಗವಾಗಿ ಹೋದರು. ಮಳೆ ಬಂತು, ಗಿರಣಿಗೆ ನೀರು ನುಗ್ಗಿತು, ಬೀಸಲಿಕ್ಕೆ ಅಂತ ಜನ ಇಟ್ಟುಹೋಗಿದ್ದ ಜೋಳದ ಚೀಲಗಳು ಕೆಳಗಿಂದ ನೆನೆದು ಮೊಳಕೆ ವಾಸನೆ ಹಿಡಿದವು. ಕಾಕಾ ಕಚೇರಿಗೆ ಹೋಗಲಿಲ್ಲ, ನೇರ ನನ್ನ ಅಂಗಡಿಗೆ ಬಂದರು. ಬೈಯಲಿಲ್ಲ. "ನೀ ಅಂದಿದ್ದೆಲ್ಲಪಾ" ಅಂದರು, ಅಷ್ಟೇ. ಜೋಳದ ದುಡ್ಡು ನಾನು ಕೊಟ್ಟೆ. ಕಾರ್ಯದರ್ಶಿ ಸ್ಥಾನ ಹೋಯಿತು. ಆಮೇಲೆ ಶಾಲೆ ಮುಂದೆ ಒಂದು ರೋಡ್ ಹಂಪ್ ಬೇಕು ಅಂತ ಅರ್ಜಿ ಹಿಡಿದು ಹೋದಾಗಲೂ ಸಹಿ ಸಿಗಲಿಲ್ಲ.

ಈಗ ನಿಮ್ಮ ಪ್ರಶ್ನೆ. ವಿರೋಧ ಮಾಡುವವರಿಗೆ ತಿಳಿವಳಿಕೆ ಸಾಲದು ಅಂತ ನೀವು ಹಿಡಿದುಕೊಂಡಿರುವುದೇ ತಪ್ಪು. ಬೆಂಗಳೂರಿನ ಸ್ಟೀಲ್ ಫ್ಲೈಓವರ್ ನೆನಪಿದೆಯಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ., ಸುಮಾರು 1,791 ಕೋಟಿ ರೂಪಾಯಿ, ಕಡಿಯಬೇಕಿದ್ದದ್ದು 812 ಮರ. 2016ರ ಅಕ್ಟೋಬರಿನಲ್ಲಿ ಬೀದಿಗಿಳಿದು ಕೈ ಕೈ ಹಿಡಿದು ನಿಂತವರಿಗೆ ಈ ಲೆಕ್ಕವೆಲ್ಲ ಬಾಯಿಪಾಠವಾಗಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರವೇ ಯೋಜನೆ ಕೈಬಿಟ್ಟಿತು. ನಿಮ್ಮ ಅಂಗಡಿಯವರೂ ದಡ್ಡರಲ್ಲ.

ಇನ್ನು ಅಂಕಿ-ಅಂಶದಲ್ಲಿ ಗೆದ್ದರೆ ಮುಗಿಯಿತಾ? ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿ.ಮೀ. ಬಸ್ ಪಥ 2008ರಲ್ಲಿ ಶುರುವಾಯಿತು. ಅದರ ವಿರುದ್ಧದ ಅರ್ಜಿಯನ್ನು 2012ರಲ್ಲಿ ಹೈಕೋರ್ಟ್ ವಜಾ ಮಾಡಿತು. ಬಸ್ಸಿನ ಪರದ ಲೆಕ್ಕ ಕೋರ್ಟಿನಲ್ಲಿ ಗೆದ್ದಿತು. ಆದರೆ ಕಾರಿನವರ ಸಿಟ್ಟು ಇಳಿಯಲಿಲ್ಲ, ಮಾಡಿದ ಸರ್ಕಾರ ಸೋತು ಮನೆಗೆ ಹೋಯಿತು, ಹೊಸಬರಿಗೆ ಅದು ಬೇಡವಾಗಿತ್ತು. 2016ರಲ್ಲಿ ಕಿತ್ತು ಹಾಕಿದರು. ಬಸ್ಸಿನಲ್ಲಿ ಹೋಗುವವರೇ ಹೆಚ್ಚು ಮಂದಿ ಇದ್ದರೂ ಅವರ ಪರ ಗಲಾಟೆ ಮಾಡುವವರು ಕಡಿಮೆ.

ಹುಬ್ಬಳ್ಳಿ-ಧಾರವಾಡದ ಬಸ್ ಪಥ ನೋಡಿ. 22 ಕಿ.ಮೀ., ಅದಕ್ಕಂತಲೇ ಕಂಪನಿ ಹುಟ್ಟಿದ್ದು 2012ರಲ್ಲಿ, ಚಿಗರಿ ಅನ್ನುವ ಅದರ ಬಸ್ ಪ್ರಾಯೋಗಿಕವಾಗಿ ಓಡಿದ್ದು 2018ರಲ್ಲಿ, ವಿಧ್ಯುಕ್ತ ಉದ್ಘಾಟನೆ 2020ರ ಫೆಬ್ರವರಿಯಲ್ಲಿ. ಚಿಗರಿಯಲ್ಲಿ ಕೂತವನು ಬೈಯುವುದನ್ನು ನಾನು ಕೇಳಿಲ್ಲ. ಎಸಿ ಬಸ್ಸು, ಓಡಲಿಕ್ಕೆ ಬೇರೆ ಪಥ. ಬೈಯುವವನು ಪಕ್ಕದ ಪಥದಲ್ಲಿ ಸ್ಕೂಟರ್ ಮೇಲೆ ಸಿಕ್ಕಿಹಾಕಿಕೊಂಡವನು. ಅಷ್ಟು ವರ್ಷ ಧೂಳು ಕುಡಿದವನ ಕಣ್ಣಿಗೆ ಬೀಳುವುದು ನಡುವಿನ ಖಾಲಿ ಪಥ ಮಾತ್ರ. ಮಳೆ ಬಂದರೆ ಧಾರವಾಡದ ಟೋಲ್ ನಾಕಾದಲ್ಲಿ ನೀರು ನಿಂತ ಫೋಟೋ ಬೇರೆ. ಆ ಪಥವನ್ನು ಎಲ್ಲರಿಗೂ ಬಿಟ್ಟುಬಿಡಿ ಅನ್ನುವ ಕೂಗು ಏಳಲಿಕ್ಕೆ ಇನ್ನೇನು ಬೇಕು?

ಅಹಮದಾಬಾದಿನವರು ಜಾಣರು. 2009ರಲ್ಲಿ ಒಂದು ತುಂಡು ಮಾತ್ರ ಮುಗಿಸಿ, ಮೊದಮೊದಲು ಪುಕ್ಕಟೆ ಓಡಿಸಿ, ಜನ ಹತ್ತಿ ನೋಡಿದ ಮೇಲೆ ಮುಂದುವರಿದರು.

ಹಾಗಾಗಿ ನನ್ನ ಮಾತು ಕೇಳುವುದಾದರೆ ಆ ಅಂಕಿ-ಅಂಶವನ್ನು ಪಕ್ಕಕ್ಕಿಡಿ. ಅಂಗಡಿಯವರ ಹತ್ತಿರ ಹೋಗಿ, ಆದರೆ ಬರಿಗೈಯಲ್ಲಿ ಹೋಗಿ, ಹಿಂದಿನ ಸಲ ಏನಾಗಿತ್ತು ಅಂತ ಕೇಳಿ ಬರೆದುಕೊಳ್ಳಿ. ಗಟಾರ, ಲೋಡಿಂಗ್ ಜಾಗ, ಕಟ್ಟೆ ಒಡೆದಿದ್ದಕ್ಕೆ ಪರಿಹಾರ, ಇವೇ ಬರುತ್ತವೆ. ಆ ಪಟ್ಟಿ ಹಿಡಿದು ಅಧಿಕಾರಿಗಳ ಬೆನ್ನು ಬೀಳಿ, ಅಂಗಡಿಯವರ ಜೊತೆಗೇ. ಬಸ್ ಪಥಕ್ಕೆ ಮುಂಚೆ ಗಟಾರ ಮುಗಿಯಲಿ ಅಂತ ನೀವೇ ಷರತ್ತು ಹಾಕಿ. ಬಸ್ಸಿನ ಪರ ಇದ್ದುಕೊಂಡು ಬಸ್ ಪಥ ತಡ ಮಾಡಿಸುವುದಾ ಅನ್ನಿಸಬಹುದು. ಹೌದು, ತಡ ಮಾಡಿಸಿ. ನಿಮ್ಮ ವಾರ್ಡಿನ ರಾಜಕಾರಣಿ ಇದರಲ್ಲಿ ಹೆಸರು ಮಾಡಿಕೊಳ್ಳಲಿಕ್ಕೆ ಬಂದರೆ ಬಿಡಿ, ಮಾಡಿಕೊಳ್ಳಲಿ. ನಾಳೆ ಆ ಬಸ್ ಪಥವನ್ನು ಕಾಯುವವನು ಒಬ್ಬ ಬೇಕು.

ತಾರೀಖು ಮಾತ್ರ ನಿಮ್ಮ ಬಾಯಿಂದ ಬರಬಾರದು. ಯಾರಾದರೂ "ಯಾವಾಗ ಮುಗೀತದ?" ಅಂದರೆ ಕಚೇರಿಯವರನ್ನು ತೋರಿಸಿ. ಸಭೆಗೆ ಮೊದಲು 10 ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ: ಈ ರಸ್ತೆಯ ಗಟಾರ ಯಾವ ಇಲಾಖೆಯದು, ವರ್ಕ್ ಆರ್ಡರ್ ಪ್ರತಿ ಕೊಡಿ, ಗಟಾರ ಹೋಗಿ ಸೇರುವುದು ಎಲ್ಲಿಗೆ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ, ಅದನ್ನು ನೋಡಿಕೊಂಡು ಸಭೆ ಇಟ್ಟುಕೊಳ್ಳಿ.