ಬ್ರಿಟಿಷ್ ಬ್ಯಾಂಡ್ ಜೆಂಟಲ್ ಜೈಂಟ್‌ನ ಹಾಡುಗಳು ನನಗೆ ಗದ್ದಲ ಅನ್ನಿಸುತ್ತವೆ. ಅದು ಪ್ರೋಗ್ ರಾಕೋ (ಜಟಿಲ ರಚನೆಯ ರಾಕ್ ಸಂಗೀತ) ಜಾಜೋ ಅಂತ ಗೊತ್ತಾದರೆ ಸುಲಭವಾಗುತ್ತದೆಯೇ, ಬಿಟ್ಟುಬಿಡಲೇ?

ನಾನೂ ಬಿಟ್ಟವನೇ. ಬಿಟ್ಟದ್ದಷ್ಟೇ ಅಲ್ಲ, ಮನೆಗೆ ಬಂದದ್ದನ್ನು ದಾನ ಕೊಟ್ಟು ಕೈತೊಳೆದುಕೊಂಡೆ.

2011ರಲ್ಲಿ ಎಂಎಸ್ಸಿ ಓದಲು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ಗೆ ಹೋದಾಗ ಅಲ್ಲಿನ ಸೌತ್‌ಸೀ ಬಡಾವಣೆಯಲ್ಲಿ ಒಬ್ಬ ಅಜ್ಜನ ಮನೆಯ ಮಹಡಿ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಈ ಬ್ಯಾಂಡ್ ಕಟ್ಟಿದ ಫಿಲ್, ಡೆರೆಕ್, ರೇ ಶುಲ್ಮನ್ ಅಣ್ಣತಮ್ಮಂದಿರು ಬೆಳೆದ ಊರು ಅದು. ಸೈಮನ್ ಡುಪ್ರೀ ಅಂಡ್ ದ ಬಿಗ್ ಸೌಂಡ್ ಅನ್ನುವ ಹೆಸರಿನಲ್ಲಿ 1967ರಲ್ಲಿ 'ಕೈಟ್ಸ್' ಹಾಡಿ ಗೆದ್ದಿದ್ದರು. ಆ ಗೆದ್ದ ದಾರಿಯನ್ನು ಬಿಟ್ಟು 1970ರಲ್ಲಿ ಜೆಂಟಲ್ ಜೈಂಟ್ ಕಟ್ಟಿದರು. ಇದನ್ನು ಹೇಳುವಾಗೆಲ್ಲ ಅಜ್ಜನ ದನಿ ಏರುತ್ತಿತ್ತು.

ಅಜ್ಜ ವಾರಕ್ಕೊಮ್ಮೆ ಅವರ ಒಂದು ಎಲ್‌ಪಿ (ಗ್ರಾಮಫೋನ್ ತಟ್ಟೆ) ಹಾಕಿ, "ಇವತ್ತು ಬೇಸ್ ಮಾತ್ರ ಕೇಳು" ಅನ್ನುತ್ತಿದ್ದರು, ಅಂದರೆ ಕೆಳಸ್ವರದ ಗಿಟಾರ್. ಮುಂದಿನ ವಾರ ಅದೇ ಎಲ್‌ಪಿ, "ಇವತ್ತು ಕೀಬೋರ್ಡ್". ಮುದುಕರ ಹಟ ಅಂದುಕೊಂಡೆ.

ನನ್ನ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ. ನಾನು ಚಿಕ್ಕಂದಿನಲ್ಲಿ ವರ್ಣದವರೆಗೆ ಸಂಗೀತ ಕಲಿತವನು. ನಮ್ಮ ಕಚೇರಿಯಲ್ಲಿ ಹಾಡುವವರು ಮುಂದೆ, ಪಿಟೀಲು ಅವರ ಬೆನ್ನಿಗೆ. ಕಿವಿಗೆ ಒಂದೇ ದಾರಿ, ಅದನ್ನು ಹಿಡಿದರೆ ಸಾಕು. ಜೆಂಟಲ್ ಜೈಂಟ್‌ನಲ್ಲೂ ಆ ಒಂದು ದಾರಿಯನ್ನೇ ಹುಡುಕಿದೆ. ಅಲ್ಲಿ ಯಾರೂ ಯಾರ ಬೆನ್ನಿಗೂ ಇಲ್ಲ. ನಾಲ್ಕು ಜನ ನಾಲ್ಕು ರಾಗಸಾಲು ಹಿಡಿದು ಹೊರಟು ಒಂದೇ ಕಡೆ ಬಂದು ಸೇರುತ್ತಾರೆ. ನಾನು ಒಬ್ಬರನ್ನು ಹಿಡಿಯುವಷ್ಟರಲ್ಲಿ ಇನ್ನೊಬ್ಬರತ್ತ ಜಾರುತ್ತಿದ್ದೆ. ಅದೂ ಈರುಳ್ಳಿ ಹೆಚ್ಚುತ್ತಾ, ಅಸೈನ್‌ಮೆಂಟ್ ಬರೆಯುತ್ತಾ. ಗದ್ದಲ ಇದ್ದದ್ದು ನಾನು ಕೇಳುವ ರೀತಿಯಲ್ಲಿ. ಅದನ್ನು ಹಾಡಿನ ಮೇಲೆ ಹೊರಿಸಿದೆ.

ಅಜ್ಜ ವೃದ್ಧಾಶ್ರಮಕ್ಕೆ ಹೋಗುವಾಗ ಹನ್ನೊಂದು ಎಲ್‌ಪಿ ನನ್ನ ಕೈಗಿಟ್ಟರು. ಕಲಾವಿದ ರೋಜರ್ ಡೀನ್ ಚಿತ್ರಿಸಿದ ಮುಖಪುಟದ 'ಆಕ್ಟೋಪಸ್' ಕೂಡ ಅದರಲ್ಲಿತ್ತು. ಕೋಣೆ ಖಾಲಿ ಮಾಡುವ ದಿನ ಅಷ್ಟನ್ನೂ ಚಾರಿಟಿ ಅಂಗಡಿಗೆ ಕೊಟ್ಟು ಬಂದೆ.

ಮೂರು ವರ್ಷದ ನಂತರ ಜ್ವರ ಬಂದು ಮಲಗಿದ್ದಾಗ, ಮಾಡಲು ಬೇರೆ ಕೆಲಸವಿಲ್ಲದೆ, 1975ರ 'ಫ್ರೀ ಹ್ಯಾಂಡ್' ಆಲ್ಬಮ್ಮಿನ 'ಆನ್ ರಿಫ್ಲೆಕ್ಷನ್' ಕೇಳಿದೆ. ವಾದ್ಯವಿಲ್ಲದೆ ಒಂದು ದನಿ ಶುರುವಾಗುತ್ತದೆ, ಹಿಂದೆಯೇ ಎರಡನೆಯದು, ಮೂರನೆಯದು, ನಾಲ್ಕನೆಯದು. ಅಜ್ಜನ ಮಾತು ನೆನಪಾಗಿ ಒಂದೇ ದನಿಯನ್ನು ಕೊನೆಯವರೆಗೆ ಬಿಡದೆ ಹಿಡಿದೆ. ಆಮೇಲೆ ಇನ್ನೊಂದನ್ನು. ನಾಲ್ಕನೇ ಸುತ್ತಿಗೆ ನಾಲ್ಕೂ ಒಟ್ಟಿಗೆ ಕೇಳಿಸಿದವು. ಎದ್ದು ಕೂತೆ. ಹೇಳೋಣವೆಂದು ವೃದ್ಧಾಶ್ರಮಕ್ಕೆ ಫೋನ್ ಮಾಡಿದರೆ, ಅಜ್ಜ ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಿದ್ದರು.

ಹಾಗಾಗಿ ಯಾವ ಪ್ರಕಾರ ಅನ್ನುವ ಪ್ರಶ್ನೆಯನ್ನೇ ಬಿಡಿ. ಈ ಬ್ಯಾಂಡಿನ ಕೆರಿ ಮಿನಿಯರ್ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಸಂಗೀತ ರಚನೆ ಓದಿ ಬಂದವರು, ಕೀಬೋರ್ಡ್ ಜೊತೆಗೆ ಚೆಲ್ಲೋ, ವೈಬ್ರಫೋನ್ ನುಡಿಸುತ್ತಿದ್ದರು. ಗ್ಯಾರಿ ಗ್ರೀನ್ ಬ್ಲೂಸ್ ಗಿಟಾರಿನವರು. ರೇ ಬೇಸ್ ಕೆಳಗಿಟ್ಟು ಪಿಟೀಲು ಎತ್ತಿಕೊಳ್ಳುತ್ತಿದ್ದರು. ಇವರಿಗೆ ಹೆಸರಿನ ಚೀಟಿ ಅಂಟಿಸಿದ ಕೂಡಲೇ ಆ ಚೀಟಿಗೆ ಹೊಂದುವುದಷ್ಟೇ ನಿಮಗೆ ಕೇಳಿಸುತ್ತದೆ. ಅಂಗಡಿಯವರಿಗೂ ರೇಡಿಯೋದವರಿಗೂ ಇವರನ್ನು ಎಲ್ಲಿಡುವುದೆಂದು ತಿಳಿಯದ್ದರಿಂದಲೇ ಇಂಥ ಬ್ಯಾಂಡ್ ಮೂಲೆಗೆ ಬಿತ್ತು ಅಂತ ನನ್ನ ಖಚಿತ ಅಭಿಪ್ರಾಯ. 1980ರಲ್ಲಿ ಅವರೇ ನಿಲ್ಲಿಸಿದರು.

1978ರ 'ಜೈಂಟ್ ಫಾರ್ ಎ ಡೇ' ಸದ್ಯಕ್ಕೆ ಮುಟ್ಟಬೇಡಿ, ಅದು ಸರಳವಾಗಲು ಹೊರಟು ತಮ್ಮತನ ಕಳೆದುಕೊಂಡ ಆಲ್ಬಂ. 1972ರ 'ಆಕ್ಟೋಪಸ್' ಹಾಕಿ. ಫೋನ್ ದೂರವಿಡಿ, ಅಡುಗೆ ಮುಗಿಸಿಕೊಂಡೇ ಕೂರಿ. ಇವತ್ತು ಬೇಸ್ ಮಾತ್ರ ಕೇಳಿ.